ಹಾವಿನ ಕಿಟ್ ವಿಮರ್ಶೆ: ಗಂಡುಗಳ ಕುಸ್ತಿಯ ಕಾಲದಲ್ಲಿ ಕೊಡಗಿನ ತೋಟಕ್ಕೆ ಯಾವುದು ಬೇಕು, ಯಾವುದು ಬೇಡ

ಹೂಮಳೆ ಬಿದ್ದು ರೊಬಸ್ಟಾ ಕಾಫಿ ಅರಳಿ ಉದುರಿ, ಕಣ ಖಾಲಿಯಾಗುವ ಹೊತ್ತಿಗೆ ಕೊಡಗಿನಲ್ಲಿ ಹಾವು ಹಿಡಿಯುವವರಿಗೆ ಒಂದೇ ಥರದ ಫೋನು ಶುರುವಾಗುತ್ತದೆ: "ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿವೆ, ಬೇಗ ಬನ್ನಿ." ಮುಂಗಾರು ಹಿಡಿಯುವವರೆಗೂ ಈ ಕರೆಗಳು ನಿಲ್ಲುವುದಿಲ್ಲ. ಹಿಂದೆ ಕೋಲು, ಗೋಣಿಚೀಲ ಹಿಡಿದು ಬರುತ್ತಿದ್ದವರ ಕೈಯಲ್ಲಿ ಈಗ 'ಸ್ನೇಕ್ ರೆಸ್ಕ್ಯೂ ಕಿಟ್' ಇದೆ. ತೋಟದ ಲೆಕ್ಕ ನೋಡುವ ರೈಟರುಗಳು, ಹೋಮ್‌ಸ್ಟೇಯವರು ಕೂಡ ಒಂದೊಂದು ತರಿಸಿ ಸ್ಟೋರಿನಲ್ಲಿ ನೇತುಹಾಕಿದ್ದಾರೆ. ಯಾವ ಕಂಪನಿಯದ್ದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಅವೇ. ಹಿಡಿ ಅದುಮಿದರೆ ಬಾಯಿ ಮುಚ್ಚುವ ಅಲ್ಯೂಮಿನಿಯಂ ಇಕ್ಕಳ, ಒಂದು ಹುಕ್ಕು, ಪೈಪು ಜೋಡಿಸಿದ ಚೀಲ, ದಪ್ಪ ಕೈಗವಸು, ಒಂದು ಟಾರ್ಚು. ಕೆಲವರು ಜೊತೆಗೆ ಹಾವು ಓಡಿಸುವ ಪುಡಿಯ ಡಬ್ಬಿಯನ್ನೂ ಇಡುತ್ತಾರೆ.

ಮನೆಯೊಳಗೆ ಬಂದ ಒಂಟಿ ಹಾವನ್ನು ಎತ್ತಿ ಹೊರಗೆ ಬಿಡುವುದು ಒಂದು ಕೆಲಸ. ಗಂಡುಗಳು ಹೆಣ್ಣಿನ ಜಾಡು ಹಿಡಿದು ಅಲೆಯುವ, ಒಂದರ ಮೇಲೊಂದು ಬಿದ್ದು ಸೆಣಸುವ ತಿಂಗಳುಗಳಲ್ಲಿ ಬರುವ ಕೆಲಸವೇ ಬೇರೆ. ಹಾವಿನ ನಡವಳಿಕೆಗೆ ಹೊಂದದ ಸಾಮಾನು ಹಾವನ್ನೂ ಕೊಲ್ಲುತ್ತದೆ, ಹಿಡಿಯುವವರನ್ನೂ ಆಸ್ಪತ್ರೆಗೆ ಕಳಿಸುತ್ತದೆ. ಕಿಟ್ಟನ್ನು ಇಲ್ಲಿ ಆ ಕಾಲಕ್ಕೆ ಹಿಡಿದು ನೋಡಿದ್ದೇವೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಇಕ್ಕಳ ಬೇಡವೇ ಬೇಡ. ಹುಕ್ಕು ಸರಿ, ಅಳತೆ ನೋಡಿ ತೆಗೆದುಕೊಳ್ಳಬೇಕು. ಪೈಪು-ಚೀಲ ಇಡೀ ಕಿಟ್ಟಿನಲ್ಲಿ ಉತ್ತಮವಾದ ಸಾಮಾನು, ಆದರೆ ಕಿಟ್ಟಿನ ಜೊತೆ ಬರುವುದನ್ನು ನಂಬದೆ ಊರಲ್ಲೇ ಮಾಡಿಸಿಕೊಳ್ಳಿ. ಕೈಗವಸು ಸುಳ್ಳು ಧೈರ್ಯ ಕೊಡುತ್ತದೆ. ಪುಡಿ ದುಡ್ಡು ದಂಡ. ಇನ್ನು, ಆ ಫೋನು ಬಂದದ್ದು ಯಾವ ಜೋಡಿಗೋ, ಎದ್ದು ನಿಂತು ಹೆಣೆದುಕೊಂಡ ಆ ಜೋಡಿಗೆ ಈ ಕಿಟ್ಟಿನ ಯಾವ ಸಾಮಾನೂ ಬೇಕಿಲ್ಲ.

ಅದು ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ತಪ್ಪುಗಳೆಲ್ಲ ಹುಟ್ಟುವುದು ಇಲ್ಲಿಂದ. ತೋಟದಲ್ಲಿ ಹಾಡಹಗಲೇ ಕಾಣುವ ಇಂಥ ಜೋಡಿ ಹೆಚ್ಚಾಗಿ ಕೇರೆ ಹಾವಿನದು. ಜನ ಅದನ್ನು ಸರಸ ಎನ್ನುತ್ತಾರೆ. ಹೊಸ ಬಿಳಿ ಬಟ್ಟೆಯನ್ನು ಅವುಗಳ ಮೇಲೆ ಹಾಕಿ, ಆಮೇಲೆ ಬೀರುವಿನಲ್ಲಿ ಇಟ್ಟುಕೊಂಡರೆ ಐಶ್ವರ್ಯ ಕೂಡಿಬರುತ್ತದೆ ಎಂಬ ನಂಬಿಕೆಯೂ ಇದೆ. ಕೇರೆಯೇ ಗಂಡು, ನಾಗರಹಾವೇ ಹೆಣ್ಣು, ಎರಡೂ ಕೂಡುತ್ತವೆ ಎನ್ನುವವರೂ ಇದ್ದಾರೆ. ಅಲ್ಲಿ ನಡೆಯುತ್ತಿರುವುದು ಕೂಡಾಟವಲ್ಲ, ಕುಸ್ತಿ. ಎರಡೂ ಕೇರೆಗಳೇ, ಎರಡೂ ಗಂಡುಗಳೇ. ಹತ್ತಿರದಲ್ಲೆಲ್ಲೋ ಒಂದು ಹೆಣ್ಣು ಇದ್ದೀತು, ಇರಲಿಕ್ಕಿಲ್ಲ; ಅದು ಹಾದುಹೋದ ಜಾಡಿನ ಮೇಲೆ ಎರಡು ಗಂಡುಗಳು ಎದುರಾದರೂ ಸಾಕು.

ಕುಸ್ತಿಯನ್ನೂ ಮಿಲನವನ್ನೂ ಬೇರೆ ಮಾಡಿ ನೋಡಲು ಐದು ಮೀಟರ್ ದೂರದಿಂದಲೇ ಆಗುತ್ತದೆ. ತಲೆ ಎಲ್ಲಿದೆ ನೋಡಿ. ಕುಸ್ತಿಯಲ್ಲಿ ಎರಡೂ ತಲೆ ಮೇಲಕ್ಕೆ ಏಳುತ್ತವೆ. ಮುಂಭಾಗದ ಮೈಯನ್ನು ಹಗ್ಗ ಹೊಸೆದಂತೆ ಸುತ್ತಿಕೊಂಡು, ಒಂದು ಇನ್ನೊಂದರ ತಲೆಗಿಂತ ತನ್ನ ತಲೆ ಮೇಲಿರಬೇಕೆಂದು ಏರುತ್ತದೆ. ಏರಿದ್ದು ತನ್ನ ಭಾರವನ್ನೆಲ್ಲ ಹೇರಿ ಕೆಳಗಿನದನ್ನು ನೆಲಕ್ಕೆ ಒತ್ತುತ್ತದೆ. ಎರಡೂ ಧೊಪ್ಪನೆ ಬೀಳುತ್ತವೆ, ಬಿಡಿಸಿಕೊಳ್ಳುತ್ತವೆ, ಮತ್ತೆ ಏಳುತ್ತವೆ. ಕಚ್ಚುವುದಿಲ್ಲ. ಇದು ಹತ್ತು ನಿಮಿಷದಲ್ಲೂ ಮುಗಿಯಬಹುದು, ಗಂಟೆಯನ್ನೂ ತೆಗೆದುಕೊಳ್ಳಬಹುದು. ಮಿಲನ ಇಷ್ಟು ಚೆಂದವಾಗಿ ಕಾಣುವುದಿಲ್ಲ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಣ್ಣು ನೆಲಕ್ಕೆ ಅಂಟಿ ಮಲಗಿರುತ್ತದೆ ಇಲ್ಲವೇ ನಿಧಾನವಾಗಿ ತೆವಳುತ್ತಿರುತ್ತದೆ. ಗಂಡು ಅದರ ಬೆನ್ನ ಮೇಲೆ ಉದ್ದಕ್ಕೂ ಹಾಸಿಕೊಂಡು, ಗದ್ದವನ್ನು ಉಜ್ಜುತ್ತಾ, ಬಿಡದೆ ನಾಲಗೆ ಆಡಿಸುತ್ತಾ, ಆಗಾಗ ಮೈಯನ್ನು ಜರ್ರನೆ ನಡುಗಿಸುತ್ತದೆ. ಬಾಲದ ಬುಡಗಳು ಒಂದಕ್ಕೊಂದು ಸೇರಿರುತ್ತವೆ. ತಲೆ ಎತ್ತಿ ನಿಲ್ಲುವ ಆಟ ಅಲ್ಲಿಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದವರು ಕುಸ್ತಿಯ ಮಧ್ಯೆ ಇಕ್ಕಳ ಹಾಕುತ್ತಾರೆ. ಸೆಣಸುವ ಗಂಡುಗಳು ಸುತ್ತಲಿನದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸಲೀಸಾಗಿ ಹತ್ತಿರ ಹೋಗಬಹುದು. ಅದೇ ಮೋಸ. ಹಿಡಿದ ಕ್ಷಣಕ್ಕೆ ಎರಡೂ ಬಿಡಿಸಿಕೊಂಡು, ಇಕ್ಕಳಕ್ಕೆ ಸಿಕ್ಕಿದ್ದು ಹಿಡಿಯ ಕಡೆಗೇ ತಿರುಗುತ್ತದೆ, ಇನ್ನೊಂದು ಎತ್ತ ದಾರಿ ಇದೆಯೋ ಅತ್ತ ನುಗ್ಗುತ್ತದೆ. ಏನೂ ಮಾಡದೆ ಬಿಟ್ಟರೆ ಕೊನೆಯಲ್ಲಿ ಸೋತದ್ದು ಸರ್ರನೆ ಓಡುತ್ತದೆ, ಗೆದ್ದದ್ದು ಸ್ವಲ್ಪ ದೂರ ಅಟ್ಟಿಸಿಕೊಂಡು ಹೋಗುತ್ತದೆ. "ಹಾವು ಜನರನ್ನು ಅಟ್ಟಿಸಿಕೊಂಡು ಬಂತು" ಎಂಬ ಎಷ್ಟೋ ಮಾತುಗಳ ಹಿಂದೆ ಇರುವುದು ಈ ಓಟ. ವೃತ್ತ ಕಟ್ಟಿ ಮೊಬೈಲ್ ಹಿಡಿದು ನಿಂತವರು ಆ ಹಾವಿನ ದಾರಿಯನ್ನೇ ಮುಚ್ಚಿರುತ್ತಾರೆ. ಹಾಗಾಗಿ ಕರೆ ಬಂದಾಗ ಫೋನಿನಲ್ಲೇ ಹೇಳಬೇಕಾದದ್ದು ಇಷ್ಟು: ಎಲ್ಲರೂ ಒಂದೇ ಪಕ್ಕಕ್ಕೆ ಬನ್ನಿ, ಬೇಲಿ, ಪೊದೆ, ಗಿಡಗಳಿರುವ ಕಡೆಯನ್ನು ತೆರೆದು ಬಿಡಿ, ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕಳಿಸಿ. ಬಟ್ಟೆ ಹಾಕಲು ಹೋಗಬೇಡಿ. ಹೀಗೆ ಹೇಳಿ ಮುಗಿಯುವ ಕೆಲಸಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಜೀಪು ಓಡಿಸಬೇಕಿಲ್ಲ.

ಈಗ ಇಕ್ಕಳದ ವಿಷಯ. ಮಾರಾಟದ ಚಿತ್ರಗಳಲ್ಲಿ ಮುಂದೆ ಇರುವುದು ಇದೇ, ಕಿಟ್ಟಿನ ಬೆಲೆಯಲ್ಲಿ ದೊಡ್ಡ ಪಾಲೂ ಇದರದ್ದೇ. ನಾಲ್ಕು ಅಡಿ ದೂರದಿಂದ ಹಿಡಿಯಬಹುದು ಎಂಬುದು ಇದರ ಆಕರ್ಷಣೆ. ತೊಂದರೆ ಇರುವುದು ಹಿಡಿಯುವವರ ಬೆರಳಿನಲ್ಲಿ. ಒಂದೂಕಾಲು ಮೀಟರ್ ಆಚೆ ಆ ಬಾಯಿ ಎಷ್ಟು ಬಿಗಿಯಾಗಿದೆ ಎಂಬುದು ಕೈಗೆ ಗೊತ್ತಾಗುವುದೇ ಇಲ್ಲ. ಹೆದರಿದ ಕೈ ಯಾವಾಗಲೂ ಜಾಸ್ತಿಯೇ ಅದುಮುತ್ತದೆ. ಹಾವಿನ ಮೈಯಲ್ಲಿ ಬೆನ್ನಿನ ಉದ್ದಕ್ಕೂ ನೂರಾರು ಕಶೇರುಗಳು (ಬೆನ್ನುಮೂಳೆಯ ಮಣಿಗಳು), ಬಹುತೇಕ ಒಂದೊಂದಕ್ಕೂ ಒಂದು ಜೊತೆ ಪಕ್ಕೆಲುಬು. ನಮ್ಮ ಹಾಗೆ ಎದೆಮೂಳೆ ಇಲ್ಲ. ಪಕ್ಕೆಲುಬುಗಳ ತುದಿ ಕೆಳಗೆ ಬಿಡುವಾಗಿಯೇ ಇರುತ್ತದೆ. ಎರಡು ಕಡೆಯಿಂದ ಲೋಹದ ಬಾಯಿ ಒತ್ತಿದರೆ ಅದನ್ನು ತಡೆಯಲು ಒಳಗೆ ಏನೂ ಇಲ್ಲ. ಪಕ್ಕೆ ಮುರಿದ ಹಾವು ಆ ಹೊತ್ತಿಗೆ ಚೆನ್ನಾಗಿಯೇ ಓಡುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಅದು ಸಾಯುವುದು ದಿನಗಳಾದ ಮೇಲೆ ಕಾಡಿನಲ್ಲಿ. ಈ ಕಾಲದಲ್ಲಿ ಇನ್ನೊಂದು ಸಂಕಟವೂ ಸೇರುತ್ತದೆ: ಹಿಡಿದದ್ದು ಹೆಣ್ಣಾಗಿದ್ದರೆ ಹೊಟ್ಟೆಯ ತುಂಬ ಮೊಟ್ಟೆ ಇರಬಹುದು. ಕೊಳಕುಮಂಡಲವಾದರೆ ಮರಿಗಳೇ ಇರಬಹುದು, ಅದು ಮರಿ ಹಾಕುವ ಹಾವು. ಇಕ್ಕಳಕ್ಕೆ ನಮ್ಮ ಕಡೆಯಿಂದ ಒಂದು ಒಳ್ಳೆಯ ಮಾತೂ ಇಲ್ಲ. ಪುಟ್ಟದೊಂದು ಉಪಯೋಗ ಬೇಕೇ ಬೇಕಾದರೆ, ಹಾವು ಹೋದ ಮೇಲೆ ಸಂದಿಯಿಂದ ಪೊರೆ ಎಳೆಯಲು ಬಳಸಿ.

ಮಿಲನದಲ್ಲಿರುವ ಜೋಡಿಗೆ ಇಕ್ಕಳ ಹಾಕಿ ಎಳೆದರೆ ಆಗುವ ಅನಾಹುತ ಇನ್ನೂ ಹೆಚ್ಚು. ಗಂಡು ಹಾವಿನ ಬಾಲದ ಬುಡದೊಳಗೆ ಎರಡು ಜನನಾಂಗಗಳು ಕಾಲುಚೀಲ ಒಳಮಗ್ಗುಲಾಗಿ ಮಡಚಿಟ್ಟಂತೆ ಇರುತ್ತವೆ. ಒಂದು ಸಲಕ್ಕೆ ಅವುಗಳಲ್ಲಿ ಒಂದನ್ನು ಮಾತ್ರ ಹೊರಕ್ಕೆ ತಿರುವಿ ಬಳಸುತ್ತದೆ, ಯಾವ ಪಕ್ಕದಲ್ಲಿ ಹೆಣ್ಣು ಇದೆಯೋ ಆ ಪಕ್ಕದ್ದು. ಎಷ್ಟೋ ಜಾತಿಗಳಲ್ಲಿ ಅದರ ಮೇಲೆ ಮುಳ್ಳುಗಳಿರುತ್ತವೆ, ಒಳಗೆ ಹಿಡಿತ ಸಿಗಲಿ ಎಂದು. ಬಲವಂತದಿಂದ ಬಿಡಿಸಿದರೆ ಎರಡಕ್ಕೂ ಹರಿಯುತ್ತದೆ. ಈ ಹೊತ್ತಿನಲ್ಲಿ ಹೆಣ್ಣು ಹೆದರಿ ಓಡಿದರೆ ಗಂಡು ಬಾಲ ಸಿಕ್ಕಿಕೊಂಡೇ ಹಿಂದೆ ಹಿಂದೆ ಎಳೆದುಕೊಂಡು ಹೋಗುವುದನ್ನು ಕಾಣಬಹುದು. ಜೋಡಿ ಆಳುಗಳು ಇರುವ ಲೈನ್ ಮನೆಯ ಪಾಯಿಖಾನೆಯ ಹಿಂದೆ ಇದ್ದರೂ ಸರಿ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಮೂಲೆಯಲ್ಲಿದ್ದರೂ ಸರಿ, ಬಾಗಿಲು ಹಾಕಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಕಾಯುವುದೊಂದೇ ಕ್ರಮ. ಗಂಟೆಗಟ್ಟಲೆ ಹಿಡಿಯುತ್ತದೆ. ಬಿಟ್ಟ ಮೇಲೆ ಒಂದೊಂದನ್ನೇ ನೋಡಿಕೊಳ್ಳಬಹುದು.

ಹುಕ್ಕು ಒಳ್ಳೆಯ ಸಾಮಾನು, ಏಕೆಂದರೆ ಅದು ಹಿಡಿಯುವುದಿಲ್ಲ, ಎತ್ತಿಕೊಡುತ್ತದೆ. ಹಾವು ಅದರ ಮೇಲೆ ಕೊಂಬೆಯ ಮೇಲೆ ಮಲಗಿದಂತೆ ಭಾರ ಹಾಕುತ್ತದೆ. ಕಿಟ್ಟುಗಳಲ್ಲಿ ಬರುವ ಮಡಚುವ ಹುಕ್ಕನ್ನು ಬಿಟ್ಟುಬಿಡಿ. ಭಾರದ ಕೇರೆಯನ್ನು ಎತ್ತುವಾಗ ಕೀಲು ಜಾರಿ ಉದ್ದ ಒಳಸೇರುತ್ತದೆ, ಅಂದರೆ ಹಾವು ಕೈಯ ಹತ್ತಿರ ಬರುತ್ತದೆ. ಒಂದೇ ತುಂಡಿನ, 1 ಮೀಟರಿನಿಂದ 1.2 ಮೀಟರ್ ಉದ್ದದ್ದು ಸಾಕು. ಬಾಗಿದ ಭಾಗದ ಅಗಲ ನೋಡಿ: ತೆಳುವಾದ ಕಂಬಿಯ ಇಕ್ಕಟ್ಟಾದ ಕೊಕ್ಕೆ ಕೊಳಕುಮಂಡಲದಂಥ ದಪ್ಪ ಹಾವಿನ ಹೊಟ್ಟೆಗೆ ಒಂದೇ ಕಡೆ ಕೊರೆಯುತ್ತದೆ. ಅಗಲವಾಗಿ, ಚಪ್ಪಟೆಯಾಗಿ ಬಾಗಿರಬೇಕು, ತುದಿ ದುಂಡಗಿರಬೇಕು. ಕೊಂಡ ದಿನವೇ ತುದಿಯ ಮೇಲೆ ಬೆರಳಾಡಿಸಿ ನೋಡಿ. ಬೆಸುಗೆಯ ಗಂಟು ಉಳಿದಿದ್ದರೆ ಅರದಿಂದ ತೀಡಿ. ಮಂಡಲದ ಜಾತಿಗಳಿಗೆ ಹುಕ್ಕು ಹೇಳಿಮಾಡಿಸಿದ್ದು, ಅವು ಮೈ ಭಾರ ಬಿಟ್ಟು ಕೂರುತ್ತವೆ. ಕೇರೆಗೆ ಹುಕ್ಕು ಒಂದೇ ಸಾಲದು, ಅದು ಎರಡು ಕ್ಷಣದಲ್ಲಿ ಜಾರಿ ಇಳಿಯುತ್ತದೆ. ಅಲ್ಲಿಗೇ ಪೈಪು-ಚೀಲ ಬೇಕಾಗುವುದು.

ಪೈಪು-ಚೀಲದ ಹಿಂದಿನ ಲೆಕ್ಕಾಚಾರ ಸರಳ. ಬೆದರಿದ ಹಾವು ಕತ್ತಲೆಯ ಬಿಲ ಹುಡುಕುತ್ತದೆ. ನಾವು ಅದಕ್ಕೊಂದು ಬಿಲ ಕೊಡುತ್ತೇವೆ. ಎರಡು ಕಡೆ ಬಾಯಿ ಇರುವ ಪಿವಿಸಿ ಪೈಪಿನ ತುಂಡು, ಅದರ ಒಂದು ಬಾಯಿಗೆ ಕಟ್ಟಿದ ಕಪ್ಪು ಚೀಲ. ಗೋಡೆಯ ಬುಡಕ್ಕೆ ಒತ್ತಿ ಪೈಪಿಟ್ಟು, ಹುಕ್ಕಿನಿಂದ ಹಾವಿನ ಹಿಂಭಾಗವನ್ನು ಮೆಲ್ಲಗೆ ತಾಗಿಸಿದರೆ ಅದು ತಾನಾಗಿ ಒಳಗೆ ಹೋಗುತ್ತದೆ. ಕೈ ಹಾವಿಗೆ ತಾಗುವುದೇ ಇಲ್ಲ. ಈ ಕಾಲಕ್ಕೆ ಇದಕ್ಕಿಂತ ಉತ್ತಮ ಸಾಮಾನು ಇನ್ನೊಂದಿಲ್ಲ, ಆದರೆ ಮೂರು ಕಡೆ ಕಿಟ್ಟಿನ ತಯಾರಿ ಸೋಲುತ್ತದೆ.

ಮೊದಲನೆಯದು ಪೈಪಿನ ಅಗಲ (ವ್ಯಾಸ). ಕಿಟ್ಟಿನಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಪೈಪು, ಅದೂ ಸಣ್ಣದು. ಇಲ್ಲಿ ಹಾವುಗಳ ಒಂದು ವಿಷಯ ತಿಳಿದಿರಬೇಕು. ಹಾವುಗಳ ಲೋಕದಲ್ಲಿ ಹೆಚ್ಚಾಗಿ ಹೆಣ್ಣೇ ದೊಡ್ಡದು. ಆದರೆ ಯಾವ ಜಾತಿಗಳಲ್ಲಿ ಗಂಡುಗಳು ಕುಸ್ತಿಯಾಡುತ್ತವೆಯೋ ಆ ಜಾತಿಗಳಲ್ಲಿ ಗಂಡು ಹೆಣ್ಣಿಗೆ ಸಮ ಅಥವಾ ದೊಡ್ಡದಾಗಿರುವುದು ಹೆಚ್ಚು. ಇದನ್ನು ಆಸ್ಟ್ರೇಲಿಯದ ಹಾವು ವಿಜ್ಞಾನಿ ರಿಕ್ ಶೈನ್ 1978ರಲ್ಲೇ ಹಲವಾರು ಜಾತಿಗಳನ್ನು ಹೋಲಿಸಿ ತೋರಿಸಿದ್ದಾರೆ. ದೊಡ್ಡ ಗಂಡು ಗೆಲ್ಲುತ್ತದೆ, ಗೆದ್ದದ್ದು ಮರಿ ಪಡೆಯುತ್ತದೆ. ಕುಸ್ತಿ ಇಲ್ಲದ ಕಡೆ ಲೆಕ್ಕ ತಿರುಗುಮುರುಗಾಗುತ್ತದೆ. ಕೆನಡಾದ ಮಾನಿಟೋಬಾದಲ್ಲಿ ಚಳಿಗಾಲ ಕಳೆದು ಗಾರ್ಟರ್ ಹಾವುಗಳು ಸಾವಿರಗಟ್ಟಲೆ ಹೊರಬಂದಾಗ ಒಂದು ದೊಡ್ಡ ಹೆಣ್ಣಿನ ಸುತ್ತ ಹತ್ತಾರು ಸಣ್ಣ ಗಂಡುಗಳು ಮುತ್ತಿ ಉಂಡೆ ಕಟ್ಟುತ್ತವೆ. ಅಲ್ಲಿ ಯಾರೂ ಯಾರನ್ನೂ ನೆಲಕ್ಕೆ ಒತ್ತುವುದಿಲ್ಲ. ನಮ್ಮ ಕೇರೆ, ಕಾಳಿಂಗ ಎರಡೂ ಕುಸ್ತಿಯ ಜಾತಿಗಳು. ಎಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಮನೆಯ ಹತ್ತಿರಕ್ಕೆ ಅಲೆದು ಬರುವ ಗಂಡು, ಆ ಜಾತಿಯ ದೊಡ್ಡ ಗಾತ್ರದ್ದೇ ಆಗಿರುವ ಸಂಭವ ಹೆಚ್ಚು. ಪೈಪನ್ನು ಗಂಡಿನ ಅಳತೆಗೆ ಕೊಳ್ಳಬೇಕು. ಕೇರೆ, ನಾಗರಕ್ಕೆ 90 ಮಿ.ಮೀ., ಕಾಳಿಂಗಕ್ಕೆ 110 ಮಿ.ಮೀ. ಇನ್ನೂ ದೊಡ್ಡದಿರಲಿ ಎಂದು 160 ಮಿ.ಮೀ. ಪೈಪು ತರಬೇಡಿ, ಅಷ್ಟು ಅಗಲದಲ್ಲಿ ಹಾವು ಒಳಗೇ ತಿರುಗಿಕೊಂಡು ಬಂದ ದಾರಿಯಲ್ಲೇ ವಾಪಸು ಬರುತ್ತದೆ, ಆಗ ಅದರ ಮುಖದ ಎದುರು ಇರುವುದು ಪೈಪು ಹಿಡಿದ ಕೈ. ತುಂಡಿನ ಉದ್ದ ಮುಕ್ಕಾಲು ಮೀಟರಿಗೆ ಕಡಿಮೆಯಾಗದಿರಲಿ, ಚೀಲದ ಬಾಯಿಗೂ ನಿಮ್ಮ ಕೈಗೂ ಅಷ್ಟು ಅಂತರ ಬೇಕು.

ಎರಡನೆಯದು ಬಟ್ಟೆ. ಕಿಟ್ಟಿನ ಚೀಲ ಹೆಚ್ಚಾಗಿ ನೈಲಾನು. ಗಾಳಿಯಾಡುವುದಿಲ್ಲ, ಏಪ್ರಿಲ್ ಮಧ್ಯಾಹ್ನ ಜೀಪಿನ ಹಿಂದೆ ಇಟ್ಟರೆ ಹಾವು ಬೆಂದುಹೋಗುತ್ತದೆ. ಸೆಣಸಿ ಬಂದ ಗಂಡು ಮೊದಲೇ ದಣಿದಿರುತ್ತದೆ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ, ಗಾಢ ಬಣ್ಣದ್ದು, ಕೇರೆಗೆ ಒಂದೂವರೆ ಮೀಟರ್ ಉದ್ದ, ಕಾಳಿಂಗಕ್ಕೆ ಎರಡು ಮೀಟರ್, ಅಗಲ ಎರಡಡಿ. ಟೈಲರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ಹೊಲಿಗೆ ಎರಡು ಸಾಲಿರಲಿ, ತಳದ ಮೂಲೆಗಳು ದುಂಡಗಿರಲಿ. ಚೂಪು ಮೂಲೆಗೆ ಮೂತಿ ತೂರಿಸಿ ತೂರಿಸಿ ಹಾವು ಹೊಲಿಗೆ ಬಿಚ್ಚುತ್ತದೆ, ಮೂತಿಯನ್ನೂ ಕೆರೆದುಕೊಳ್ಳುತ್ತದೆ. ಬಟ್ಟೆಯ ಕತ್ತರಿಸಿದ ಅಂಚು ಹೊರಗಡೆ ಬರಲಿ. ಒಳಗೆ ಬಿಟ್ಟರೆ ಎಳೆಗಳು ಹಲ್ಲಿಗೂ ಹುರುಪೆಗೂ ಸುತ್ತಿಕೊಳ್ಳುತ್ತವೆ. ಪೈಪಿಗೆ ಕಟ್ಟಲು ಸೈಕಲ್ ಟ್ಯೂಬು ಸೀಳಿದ ಪಟ್ಟಿಯಷ್ಟು ಒಳ್ಳೆಯದು ಯಾವುದೂ ಇಲ್ಲ, ಕಿಟ್ಟಿನ ವೆಲ್ಕ್ರೋ ಮಳೆಗೆ ನೆನೆದರೆ ಬಿಡುತ್ತದೆ. ಪೈಪಿನ ಎರಡೂ ಬಾಯಿಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಗರಗಸದಿಂದ ಕೊಯ್ದ ಹಸಿ ಅಂಚು ಹಾವಿನ ಹೊಟ್ಟೆಯನ್ನು ಬ್ಲೇಡಿನಂತೆ ಸೀಳುತ್ತದೆ. ಇಷ್ಟೆಲ್ಲ ಸೇರಿದರೂ ಇಕ್ಕಳದ ಬೆಲೆಗಿಂತ ಕಡಿಮೆ.

ಹಾವು ಪೂರ್ತಿ ಚೀಲಕ್ಕಿಳಿದ ಮೇಲೂ ಕಚ್ಚಿಸಿಕೊಳ್ಳುವವರು ಇದ್ದಾರೆ. ಬಾಲದ ತುದಿಯೂ ಪೈಪು ದಾಟಿದ್ದನ್ನು ಕಣ್ಣಾರೆ ನೋಡಿ. ಪೈಪು ಮತ್ತು ಹಾವಿನ ನಡುವಿನ ಖಾಲಿ ಬಟ್ಟೆಯ ಮೇಲೆ ಹುಕ್ಕಿನ ಕೋಲನ್ನು ಅಡ್ಡಲಾಗಿ ಇಟ್ಟು ಕಾಲಿನಿಂದ ಒತ್ತಿ. ಆಮೇಲೆ ಮೇಲಿನ ಬಟ್ಟೆಯನ್ನು ತಿರುಚಿ, ಬಟ್ಟೆಯಲ್ಲೇ ಒಂದು ಗಂಟು, ಅದರ ಮೇಲೆ ಮಡಚಿ ದಾರದ ಇನ್ನೊಂದು ಗಂಟು. ಹಿಡಿಯುವುದು ಗಂಟಿಗಿಂತ ಮೇಲೆ ಮಾತ್ರ. ತಳಕ್ಕೆ ಕೈ ಕೊಡುವ ಅಭ್ಯಾಸ ಎಷ್ಟೋ ಜನರಿಗೆ ಇದೆ, ಭಾರ ಎಂದು. ಬಟ್ಟೆಯ ಮೂಲಕ ವಿಷದ ಹಲ್ಲು ಸಲೀಸಾಗಿ ದಾಟುತ್ತದೆ, ಕೊಳಕುಮಂಡಲದ್ದಂತೂ ಉದ್ದ ಹಲ್ಲು. ಮೈಗೆ ತಾಗಿಸಿಕೊಳ್ಳದೆ, ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಳಿಸಿ ಒಯ್ಯಬೇಕು. ಒಂದು ಚೀಲಕ್ಕೆ ಒಂದೇ ಹಾವು. ಸೆಣಸುತ್ತಿದ್ದ ಎರಡನ್ನು ಒಂದೇ ಚೀಲಕ್ಕೆ ಹಾಕಿದ ಉದಾಹರಣೆಗಳೂ ಇವೆ, ಅಂಥವರಿಗೆ ಏನು ಹೇಳುವುದು.

ಮೂರನೆಯ ಸೋಲು ಕಿಟ್ಟಿನದ್ದಲ್ಲ, ಕಿಟ್ಟಿನ ಜೊತೆ ಬರುವ ಸೂಚನೆ ಚೀಟಿಯದ್ದು: ಚೀಲ ತೊಳೆಯುವ ಮಾತೇ ಅದರಲ್ಲಿ ಇರುವುದಿಲ್ಲ. ಹೆಣ್ಣು ಹಾವು ಗಂಡನ್ನು ಸೆಳೆಯುವುದು ಗಾಳಿಯಲ್ಲಿ ಹಾರಿಹೋಗುವ ಪರಿಮಳದಿಂದಲ್ಲ. ಗಾರ್ಟರ್ ಹಾವುಗಳಲ್ಲಿ ಬಿಡಿಸಿ ನೋಡಿದಾಗ ಅದು ಚರ್ಮದ ಮೇಲಿನ ಕೊಬ್ಬಿನಂಥ ಪದಾರ್ಥ ಎಂದು ಗೊತ್ತಾಯಿತು. ಹೆಣ್ಣು ತೆವಳಿದಲ್ಲೆಲ್ಲ ಅದು ನೆಲಕ್ಕೆ ಸವರಿರುತ್ತದೆ. ಗಂಡು ಸೀಳು ನಾಲಗೆಯಿಂದ ಅದನ್ನು ಮುಟ್ಟಿ ಮುಟ್ಟಿ ಬಾಯಿಯ ಮೇಲ್ಛಾವಣಿಯಲ್ಲಿರುವ, ವಾಸನೆ ಗುರುತಿಸುವ ಜೇಕಬ್‌ಸನ್ ಅಂಗಕ್ಕೆ ಒಯ್ದು, ಯಾವ ದಿಕ್ಕಿಗೆ ಹೋಗಿದೆ ಎಂದು ಓದುತ್ತದೆ. "ಒಂದನ್ನು ಹಿಡಿದರೆ ಜೋಡಿ ಹುಡುಕಿಕೊಂಡು ಬರುತ್ತದೆ, ಸೇಡು ತೀರಿಸುತ್ತದೆ" ಎಂಬ ಮಾತಿನ ನಿಜವಾದ ಬೇರು ಇದು. ಸೇಡೂ ಇಲ್ಲ, ಜೋಡಿಯೂ ಇಲ್ಲ. ಸ್ಟೋರಿನಲ್ಲಿ ಹೆಣ್ಣು ನಾಲ್ಕು ದಿನ ಇದ್ದು ಹೋಗಿದ್ದರೆ ಅದರ ಜಾಡು ಅಲ್ಲೇ ಇರುತ್ತದೆ, ಅದನ್ನು ಓದಿಕೊಂಡು ಒಂದಾದ ಮೇಲೊಂದು ಗಂಡು ಬರುತ್ತದೆ. ಹಲವು ಜಾತಿಗಳಲ್ಲಿ ಹೆಣ್ಣು ಪೊರೆ ಕಳಚಿದ ಹೊಸತರಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಹಾಗಾಗಿ ಹೆಣ್ಣನ್ನು ತೆಗೆದ ಜಾಗದ ನೆಲವನ್ನು ಸೋಪಿನ ನೀರಿನಿಂದ ಉಜ್ಜಬೇಕು, ಪೊರೆ ಸಿಕ್ಕರೆ ದೂರ ಒಯ್ದು ಹೂಳಬೇಕು. ಕೊಬ್ಬಿನ ಪದಾರ್ಥ ಬರೀ ತಣ್ಣೀರಿಗೆ ಹೋಗುವುದಿಲ್ಲ. ಅದೇ ಕಾರಣಕ್ಕೆ ಚೀಲವನ್ನೂ ಪೈಪನ್ನೂ ಪ್ರತಿ ಸಲ ಸೋಪು, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಹೆಣ್ಣಿನ ಜಾಡು ಅಂಟಿದ ಪೈಪನ್ನು ಗಂಡಿನ ಎದುರು ಇಟ್ಟರೆ ಅದು ಒಳಗೆ ಹೋಗುವ ಬದಲು ಬಾಯಿಯಲ್ಲೇ ನಿಂತು ನಾಲಗೆ ಆಡಿಸುತ್ತಾ ಹೊತ್ತು ಕಳೆಯಬಹುದು. ಇನ್ನೊಂದು ಗಂಡಿನ ಮೈವಾಸನೆ ಇದ್ದರೂ ನಡವಳಿಕೆ ಬದಲಾಗಬಹುದು. ಎರಡು ಚೀಲ ಇಟ್ಟುಕೊಳ್ಳುವುದು ಇದಕ್ಕೇ.

ಹಾವು ಓಡಿಸುವ ಪುಡಿ, ಫಿನಾಯಿಲು, ಬೆಳ್ಳುಳ್ಳಿ ನೀರು ಇವೆಲ್ಲ ಹೆಣ್ಣಿನ ಜಾಡು ಹಿಡಿದ ಗಂಡಿನ ಮುಂದೆ ಏನೂ ಅಲ್ಲ. ಕಾರ್ಬೋಲಿಕ್ ಆಮ್ಲ ಇರುವಂಥದ್ದು ಹಾವಿನ ಚರ್ಮವನ್ನೂ ಬಾಯಿಯನ್ನೂ ಸುಡುತ್ತದೆ ಅಷ್ಟೆ. ಡಬ್ಬಿ ಬಂದಿದ್ದರೆ ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ.

ಕಾಳಿಂಗದ ವಿಷಯಕ್ಕೆ ಬಂದರೆ ಕಿಟ್ಟಿನ ವಿಮರ್ಶೆ ನಿಂತು, ಮನುಷ್ಯರ ವಿಮರ್ಶೆ ಶುರುವಾಗಬೇಕು. ಭಾಗಮಂಡಲ, ಕಕ್ಕಬ್ಬೆ, ಮಾಕುಟ್ಟದ ಕಡೆಯ ಒದ್ದೆ ತೋಟಗಳಲ್ಲಿ ಈ ಹಾವು ಅಪರೂಪವಲ್ಲ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ಬಿಡಿಸಿದಾಗ ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟು 'ಒಫಿಯೋಫೇಗಸ್ ಕಾಳಿಂಗ' ಎಂದು ಕರೆದರು. ಹೆಸರು ನಮ್ಮದು, ಹಾವೂ ನಮ್ಮ ಘಟ್ಟದ್ದು. ಇದರ ಮೇಲೆ ಇಕ್ಕಳ ಹಾಕಿ ವಿಡಿಯೊ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾಳಿಂಗದ ಗಂಡುಗಳ ಕುಸ್ತಿಯೂ ಕೇರೆಯ ಹಾಗೆಯೇ, ಆದರೆ ಅಳತೆ ಬೇರೆ. ಮೂರೂವರೆ, ನಾಲ್ಕು ಮೀಟರಿನ ಎರಡು ಗಂಡು ಮೈಯ ಮೂರನೇ ಒಂದು ಭಾಗವನ್ನು ಎತ್ತಿ ಒಂದನ್ನೊಂದು ಒತ್ತುತ್ತವೆ. ಒಂದೊಂದಕ್ಕೂ ಆನೆಯನ್ನೂ ಕೊಲ್ಲಬಲ್ಲ ವಿಷ ಇದ್ದರೂ ಇನ್ನೊಂದಕ್ಕೆ ಕಚ್ಚುವುದಿಲ್ಲ. ತಲೆ ನೆಲಕ್ಕೆ ತಾಗಿದ್ದು ಸೋತಂತೆ, ಅಲ್ಲಿಗೆ ಮುಗಿಯಿತು. ಆದರೆ ಈ ಸಂಯಮ ಹೆಣ್ಣಿನ ವಿಷಯದಲ್ಲಿ ಯಾವಾಗಲೂ ಇರುವುದಿಲ್ಲ. ಗಂಡು ಕಾಳಿಂಗ ಹೆಣ್ಣನ್ನು ಕೊಂದದ್ದು ಆಗುಂಬೆಯಲ್ಲಿ ದಾಖಲಾಗಿದೆ. ಹಾಗಾಗಿ ಒಂದೇ ಜಾಗದಲ್ಲಿ ಗಂಡು, ಹೆಣ್ಣು ಎರಡನ್ನೂ ಹಿಡಿಯಬೇಕಾಗಿ ಬಂದಾಗ "ಜೋಡಿ ಬೇರೆ ಮಾಡಬಾರದು" ಎಂದು ಒಂದೇ ಕಡೆ ಬಿಡುವ ಭಾವುಕತೆ ಬೇಡ.

ಕಾಳಿಂಗದ ಜೋಡಿ ಕಂಡರೆ ಕಿಟ್ಟು ಸ್ಟೋರಿನಲ್ಲೇ ಇರಲಿ. ಹತ್ತು ಮೀಟರ್ ದೂರ, ಒಂದೇ ಪಕ್ಕ, ಅರಣ್ಯ ಇಲಾಖೆಗೆ ಫೋನು. ಇದು ಕಾನೂನಿನ ಮಾತೂ ಹೌದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವನ್ನು ಕೊಲ್ಲುವುದಷ್ಟೇ ಅಪರಾಧವಲ್ಲ, ಅನುಮತಿ ಇಲ್ಲದೆ ಹಿಡಿಯುವುದೂ ಅಪರಾಧ. ಕಿಟ್ಟು ಕೊಂಡ ರಸೀದಿ ಅನುಮತಿ ಪತ್ರವಲ್ಲ. ಹಿಡಿಯಲೇಬೇಕಾದ ಸಂದರ್ಭದಲ್ಲಿ, ಅಂದರೆ ಮನೆಯೊಳಗೆ, ಶಾಲೆಯೊಳಗೆ ಸಿಕ್ಕಿಕೊಂಡಾಗ, ತರಬೇತಿ ಪಡೆದ ಕನಿಷ್ಠ ಇಬ್ಬರು, 110 ಮಿ.ಮೀ. ಪೈಪು, ಎರಡು ಹುಕ್ಕು. ಒಂಟಿಯಾಗಿ ಯಾರೂ ಕೈ ಹಾಕಬಾರದು.

ಏಪ್ರಿಲ್ ದಾಟಿದ ಮೇಲೆ ಇನ್ನೊಂದು ಎಚ್ಚರ. ಹೆಣ್ಣು ಕಾಳಿಂಗ ತನ್ನ ಮೈಯ ಸುರುಳಿಯಿಂದ ತರಗೆಲೆ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೊಂದಿಲ್ಲ ಎನ್ನಬಹುದು. ಬಿದಿರಿನ ಮೆಳೆಯ ಬುಡ, ದೇವರಕಾಡಿನ ಅಂಚು, ಕಾಫಿ ಗಿಡಗಳ ನಡುವಿನ ಕೊಳೆತ ಎಲೆಯ ರಾಶಿ ಇಂಥಲ್ಲಿ. ಇಪ್ಪತ್ತರಿಂದ ನಲವತ್ತರ ಆಸುಪಾಸು ಮೊಟ್ಟೆ ಇಟ್ಟು ಅದರ ಮೇಲೆಯೇ ಕಾವಲು ಕೂರುತ್ತದೆ. ಮರಗಸಿ (ನೆರಳು ಮರದ ಕೊಂಬೆ ಸವರುವುದು), ಕಳೆ ತೆಗೆಯುವ ಕೆಲಸ ಇದೇ ತಿಂಗಳುಗಳಲ್ಲಿ ಬೀಳುವುದರಿಂದ ಆಳುಗಳಿಗೆ ಮೊದಲೇ ಹೇಳಿರಬೇಕು: ಒಂದು ಅಡಿಗಿಂತ ಎತ್ತರಕ್ಕೆ, ಸುತ್ತಲಿನ ನೆಲ ಗುಡಿಸಿದಂತೆ ಬೋಳಾಗಿ, ಗುಡ್ಡೆಯಾಗಿ ಕೂತ ತರಗೆಲೆ ಕಂಡರೆ ಕತ್ತಿಯಿಂದ ಕೆದಕಬೇಡಿ. ಗುರುತಿಗೆ ದೂರದಲ್ಲಿ ಕೆಂಪು ಪ್ಲಾಸ್ಟಿಕ್ ಕಟ್ಟಿ, ಆ ಪಟ್ಟಿಯ ಕೆಲಸವನ್ನು ಬಿಟ್ಟುಬಿಡಿ. ಮಳೆ ಜೋರಾದ ಮೇಲೆ ಮರಿಗಳು ಹೊರಬರುವ ಹೊತ್ತಿಗೆ ತಾಯಿ ಅಲ್ಲಿಂದ ಹೋಗಿರುತ್ತದೆ.

ಹಿಡಿದ ಹಾವನ್ನು ಎಲ್ಲಿ ಬಿಡುವುದು ಎಂಬುದಕ್ಕೆ ಕಿಟ್ಟಿನ ಚೀಟಿ "ದಟ್ಟ ಕಾಡಿನಲ್ಲಿ" ಎನ್ನುತ್ತದೆ. ಪುಷ್ಪಗಿರಿಗೋ ಬ್ರಹ್ಮಗಿರಿಗೋ ಒಯ್ದು ಬಿಟ್ಟರೆ ಪುಣ್ಯ ಎಂದು ನಮ್ಮವರೂ ತಿಳಿದಿದ್ದಾರೆ. ಆಗುಂಬೆಯಲ್ಲಿ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಕಾಳಿಂಗಗಳ ಬೆನ್ನು ಹತ್ತಿದಾಗ, ದೂರ ಒಯ್ದು ಬಿಟ್ಟ ಹಾವು ತನ್ನ ಜಾಗದಲ್ಲೇ ಉಳಿದ ಹಾವಿಗಿಂತ ಹೆಚ್ಚು ಅಲೆದದ್ದು ಕಂಡುಬಂತು. ಹೊಸ ಜಾಗದಲ್ಲಿ ಅಡಗುತಾಣ ಗೊತ್ತಿಲ್ಲ, ಬೇಟೆ ಎಲ್ಲಿ, ನೀರು ಎಲ್ಲಿ ಗೊತ್ತಿಲ್ಲ. ಈ ಕಾಲದಲ್ಲಾದರೆ ಅಲ್ಲಿಯ ಗಂಡುಗಳೊಡನೆ ಹೊಸದಾಗಿ ಸೆಣಸಬೇಕು. ಅಮೆರಿಕದ ಕಾಪರ್‌ಹೆಡ್ ಹಾವುಗಳಲ್ಲಿ ಸಂಶೋಧಕ ಗಾರ್ಡನ್ ಶ್ಯೂಯೆಟ್ ನೋಡಿದಂತೆ, ಒಮ್ಮೆ ಸೋತ ಗಂಡು ಆಮೇಲೆ ತನಗಿಂತ ದೊಡ್ಡದಲ್ಲದ್ದರ ಎದುರೂ ಹಿಂಜರಿಯುತ್ತದೆ, ಹೆಣ್ಣಿನ ಹತ್ತಿರ ಹೋಗುವುದನ್ನೂ ಬಿಡುತ್ತದೆ. ಸಿಕ್ಕ ಜಾಗದಿಂದ ಕಿಲೋಮೀಟರಿನೊಳಗೆ, ಅದೇ ಹಳ್ಳದ, ಅದೇ ತೋಟದ ಅಂಚಿನಲ್ಲಿ ಬಿಡಿ. ಸಂಜೆ ಹೊತ್ತು, ಪೊದೆಯ ಮಗ್ಗುಲಿಗೆ ಚೀಲದ ಬಾಯಿ ಇಟ್ಟು, ಗಂಟನ್ನು ಹುಕ್ಕಿನಿಂದ ಬಿಚ್ಚಿ, ತಳವನ್ನು ದೂರದಿಂದ ಎತ್ತಿ.

ಕೈಗವಸಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ದಪ್ಪ ತೊಗಲಿನ ಕೈಗವಸು ಹಾಕಿದರೆ ಬೆರಳಿಗೆ ಸ್ಪರ್ಶ ಹೋಗುತ್ತದೆ, ಮತ್ತೆ ಅದೇ ಅತಿಯಾದ ಅದುಮುವಿಕೆ. ಕಟ್ಟುಹಾವಿನಂಥ ಸಣ್ಣ ಹಲ್ಲಿನದ್ದಕ್ಕೆ ಅಡ್ಡಿಯಾದರೂ ಮಂಡಲದ ಹಲ್ಲಿಗೆ ಆಗುವುದಿಲ್ಲ. ಕಿಟ್ಟಿನಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ಸಾಮಾನು ಮೊಣಕಾಲುದ್ದದ ಗಮ್‌ಬೂಟು. ಜಿಗಣೆ ಕಾಲುಚೀಲ ಇದಕ್ಕೆ ಬದಲಿಯಲ್ಲ. ಮಳೆಗಾಲ ಹಿಡಿದ ಮೇಲೆ ತರಗೆಲೆಯ ಮೇಲೆ ಕೂರುವ ಮೂಗುಬ್ಬು ಗುಳಿಮಂಡಲ, ಕಾಫಿ ಕೊಂಬೆಯ ಮೇಲೆ ಕೂರುವ ಮಲಬಾರ್ ಗುಳಿಮಂಡಲ ಇವೆರಡರ ವಿಷಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುವುದಿಲ್ಲ. ಆ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಿಸಿದ್ದು. ಕಾಳಿಂಗಕ್ಕೂ ಅದು ಆಗುವುದಿಲ್ಲ. ಹಾಗೆಂದು ಮನೆಯಲ್ಲೇ ಕೂರುವುದಲ್ಲ. ಉಸಿರಾಟ, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವಿಕೆಯನ್ನು ನೋಡಿಕೊಳ್ಳುವುದು ಆಸ್ಪತ್ರೆಯಲ್ಲೇ. ಕಚ್ಚಿದ ಜಾಗ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಕೈಕಾಲು ಅಲುಗಾಡದಂತೆ ಪಟ್ಟಿ ಕಟ್ಟಿ 108ಕ್ಕೆ ಕರೆ ಮಾಡಬೇಕು. ಉಂಗುರ, ಬಳೆ ಮೊದಲೇ ತೆಗೆಯಬೇಕು, ಊತ ಏರಿದ ಮೇಲೆ ಬರುವುದಿಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು, ಆದ್ದರಿಂದ ಸಣ್ಣ ಕಡಿತ ಎಂದು ಮುಚ್ಚಿಡದೆ ಹೆಸರು ಬರೆಸಿ.

ಟಾರ್ಚಿನ ಬಗ್ಗೆ ಒಂದು ಮಾತು. ಕೇರೆ, ಕಾಳಿಂಗಗಳ ಕುಸ್ತಿ ಹಗಲಿನ ಆಟ, ಅಲ್ಲಿ ಟಾರ್ಚಿಗೆ ಕೆಲಸವಿಲ್ಲ. ರಾತ್ರಿಯ ಹಾವುಗಳು ಕಟ್ಟುಹಾವು, ಕೊಳಕುಮಂಡಲ. ಕುಶಾಲನಗರ, ಶನಿವಾರಸಂತೆಯ ಒಣ ಕಡೆಯವರು ಚಾರ್ಜು ಆಗುವ, ಹಣೆಗೆ ಕಟ್ಟುವ ಒಳ್ಳೆಯ ಬೆಳಕನ್ನೇ ಬೇರೆಯಾಗಿ ಕೊಳ್ಳಲಿ. ಕಿಟ್ಟಿನಲ್ಲಿ ಬರುವುದು ಒಂದು ಕೈಯನ್ನು ಕಟ್ಟಿಹಾಕುತ್ತದೆ, ಹುಕ್ಕು ಹಿಡಿದವರಿಗೆ ಎರಡು ಕೈಯೂ ಬೇಕು.

ತೋಟದವರು ಇಡೀ ಕಿಟ್ಟು ತರಿಸುವ ಬದಲು ಆ ದುಡ್ಡನ್ನು ಹೀಗೆ ಹಂಚಿದರೆ ಒಳ್ಳೆಯದು: ಪ್ರತಿ ಆಳಿಗೆ ಒಂದು ಜೊತೆ ಗಮ್‌ಬೂಟು, ಲೈನ್ ಮನೆಗೆ ಎರಡು ಹೆಡ್‌ಲೈಟು, ಮುಚ್ಚಳವಿರುವ ಒಂದು ಡ್ರಮ್ಮು, ಅನುಮತಿ ಇರುವ ಹಾವು ಹಿಡಿಯುವವರಿಗೆ ಕೊಡಲು ಎರಡು ಅಳತೆಯ ಪೈಪು, ಮೂರು ಹತ್ತಿ ಚೀಲ. ಚೀಲಗಳನ್ನು ಗೊಬ್ಬರ, ಔಷಧಿ ಇಡುವ ಕೋಣೆಯಲ್ಲಿ ಇಡಬೇಡಿ, ಬಟ್ಟೆ ಆ ವಾಸನೆ ಹೀರಿದರೆ ಹಾವು ಪೈಪಿನ ಬಾಯಿಗೇ ಬರುವುದಿಲ್ಲ. ಒಣ ಜಾಗದಲ್ಲಿ, ಇಲಿಗೆ ಸಿಗದಂತೆ, ಮಡಚದೆ ಗಳುವಿಗೆ ನೇತುಹಾಕಿ. ಪ್ರತಿ ಸಲ ಬಳಸುವ ಮುಂಚೆ ಚೀಲವನ್ನು ಒಳಗೆ ಹೊರಗೆ ಮಾಡಿ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದನ್ನು ನೆಲ ಒರೆಸಲು ಹಾಕಿ ಹೊಸದು ಹೊಲಿಸಿ.